ಸಸಾರಜನಕದ ನಾಲ್ಕು ಬಗೆಯ ರಚನೆ ಮತ್ತು ಒಕ್ಕಲುತನದಲ್ಲಿ ಅದರ ಉಪಯೋಗ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗಗಳ ಎರೆಭೂಮಿಯಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋದಿಗಳು ಬೆಳೆಯುತ್ತವೆ. ಮಳೆ ಹೆಚ್ಚಾಗಿರುವ ಕಲಘಟಗಿಯ ಕಡೆಗೆ ಮುಂಗಾರಿಯಲ್ಲಿ ಭತ್ತ, ಗೋವಿನಜೋಳ, ಸೋಯಾಅವರೆಗಳನ್ನು ಬಿತ್ತುತ್ತಾರೆ. ಈ ಕಾಳುಕಡಿಗಳ ಯೋಗ್ಯತೆಯನ್ನು ಚೀಲದ ತೂಕದಿಂದಲೂ ಪೇಟೆಯ ಧಾರಣಿಯಿಂದಲೂ ನಿರ್ಣಯಿಸುವದು ನಡೆದುಬಂದ ರೂಢಿಯಾಗಿರುತ್ತದೆ. ಆದರೆ ಬೆಳೆಯುವ ಮಗುವಿಗೂ ದುಡಿಯುವ ಎತ್ತಿಗೂ ಹಾಲು ಕೊಡುವ ಎಮ್ಮೆಗೂ ತೂಕಕ್ಕಿಂತ ಮುಖ್ಯವಾದದ್ದು ಇನ್ನೊಂದುಂಟು. ಅದು ಕಾಳಿನೊಳಗಿನ ಸಸಾರಜನಕ. ಪ್ರೋಟೀನ್ ಎಂಬ ಹೆಸರಿನಿಂದಲೂ ಅದು ಪರಿಚಿತವಾಗಿದೆ. ಮೈಯ ಮಾಂಸ, ರಕ್ತ, ಚರ್ಮ, ಕೂದಲು, ಗೊರಸುಗಳು ನೀರನ್ನು ಬಿಟ್ಟರೆ ಬಹುಮಟ್ಟಿಗೆ ಇದರಿಂದಲೇ ಆಗಿರುತ್ತವೆ.

ಜೋಳದ ನೂರು ಭಾಗಗಳಲ್ಲಿ ಸುಮಾರು 10 ಭಾಗ, ಕಡಲೆಯಲ್ಲಿ ಸುಮಾರು 20 ಭಾಗ, ಸೋಯಾಅವರೆಯಲ್ಲಿ ಸುಮಾರು 40 ಭಾಗ ಸಸಾರಜನಕವಿರುತ್ತದೆ. ಎತ್ತಿನ ಕೋಡು, ಕುರಿಯ ಉಣ್ಣೆಗಳಾದರೋ ಹೆಚ್ಚುಕಡಿಮೆ ಪೂರ್ಣವಾಗಿ ಸಸಾರಜನಕವೇ. ಪ್ರಮಾಣವೊಂದೇ ಮುಖ್ಯವಾಗಿದ್ದರೆ ಕಡಲೆಯ ಬೇಳೆಗಿಂತ ಕೋಡಿನ ಪುಡಿಯು ಉತ್ತಮ ಆಹಾರವೆನಿಸಬೇಕಾಗಿತ್ತು. ಹಾಗೆ ಆಗುವದಿಲ್ಲ, ಕೋಡನ್ನು ಯಾವ ದನದ ಹೊಟ್ಟೆಯೂ ಅರಗಿಸಲಾರದು. ಅದರಂತೆಯೇ ಕಡಲೆಯ ಎರಡು ಪಟ್ಟು ಸಸಾರಜನಕವುಳ್ಳ ಸೋಯಾಅವರೆಯನ್ನು ಹಸಿಯಾಗಿ ತಿನ್ನಿಸಿದರೆ ಕೋಳಿಮರಿಗಳೂ ಎಳೆಗರುಗಳೂ ಪುಷ್ಟಿಯಾಗುವದರ ಬದಲು ಸೊರಗುತ್ತವೆ. ಒಂದೇ ವರ್ಗದ ದ್ರವ್ಯಗಳಲ್ಲಿ ಇಷ್ಟು ಅಂತರವು ಯಾಕೆ ಎಂಬ ಪ್ರಶ್ನೆಗೆ ಉತ್ತರವು ಆ ದ್ರವ್ಯದ ರಚನೆಯಲ್ಲಿ ಇರುತ್ತದೆ. ಊರಿನ ಹಿರಿಯರೂ ಭೂಮಾಲಿಕರೂ ಇದನ್ನು ತಿಳಿದುಕೊಂಡರೆ ಊಟ, ಮೇವು, ಗೊಬ್ಬರ ಈ ಮೂರರಲ್ಲಿಯೂ ಕೆಲವು ಹಾನಿಗಳನ್ನು ತಪ್ಪಿಸಬಹುದು.

ಸಸಾರಜನಕದ ಘಟಕಗಳು

ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ ಮತ್ತು ಸ್ವಲ್ಪ ಗಂಧಕ ಇವುಗಳಿಂದ ಸಸಾರಜನಕವು ಆಗಿರುತ್ತದೆ. ಪಿಷ್ಟ, ಸಕ್ಕರೆ, ಎಣ್ಣೆಗಳಲ್ಲಿ ಸಾರಜನಕವಿಲ್ಲ. ಇದರಲ್ಲಿ ನೂರಕ್ಕೆ ಸುಮಾರು 16 ಭಾಗ ಇರುತ್ತದೆ. ಆದ್ದರಿಂದ ರಸಾಯನಶಾಲೆಯಲ್ಲಿ ಕಾಳಿನ ಸಾರಜನಕವನ್ನು ಅಳೆದು, ಬಂದ ಅಂಕಿಯನ್ನು 6.25 ರಿಂದ ಗುಣಿಸಿ ಸಸಾರಜನಕದ ಪ್ರಮಾಣವನ್ನು ಹೇಳುವ ಪದ್ಧತಿಯುಂಟು. ಈ ಲೆಕ್ಕದಲ್ಲಿ ಒಂದು ದೋಷವಿರುವದನ್ನು ಪಶು ಆಹಾರ ಕೊಳ್ಳುವವರು ಗಮನದಲ್ಲಿಡತಕ್ಕದ್ದು. ಹಿಂಡಿಯಲ್ಲಿ ಯಾರಾದರೂ ಯೂರಿಯಾ ಗೊಬ್ಬರವನ್ನು ಬೆರೆಸಿದ್ದರೆ ಅದರ ಸಾರಜನಕವೂ ಎಣಿಕೆಗೆ ಬಂದು, ಹಿಂಡಿಯು ಬಹಳ ಪುಷ್ಟಿಕರವಾದದ್ದೆಂದು ಅಂಕಿಯು ತೋರಿಸುವದು.

ಪ್ರತಿಯೊಂದು ಸಸಾರಜನಕವು ಅಮೈನೋ ಆಮ್ಲಗಳೆಂಬ ಚಿಕ್ಕ ಅಣುಗಳನ್ನು ಒಂದಕ್ಕೊಂದು ಪೋಣಿಸಿದ ಉದ್ದವಾದ ಸರವಾಗಿರುತ್ತದೆ. ಈ ಮಣಿಗಳಲ್ಲಿ ಮುಖ್ಯವಾದ ಜಾತಿಗಳು 20. ಕನ್ನಡದ ಸುಮಾರು ಐವತ್ತು ಅಕ್ಷರಗಳಿಂದ ಲೆಕ್ಕವಿಲ್ಲದಷ್ಟು ಮಾತುಗಳು ಹುಟ್ಟುವಂತೆ, ಈ ಇಪ್ಪತ್ತು ಮಣಿಗಳಿಂದ ಜೋಳದ, ಕಡಲೆಯ, ಹಾಲಿನ, ರಕ್ತದ ಸಸಾರಜನಕಗಳೆಲ್ಲ ಹುಟ್ಟುತ್ತವೆ. ಈ ಸರದ ರಚನೆಯನ್ನು ಹಂತಗಳಾಗಿ ವಿಂಗಡಿಸಿ ನೋಡುವ ಕ್ರಮವನ್ನು ಡೆನ್ಮಾರ್ಕ್ ದೇಶದ ಲಿಂಡರ್‌ಸ್ಟ್ರೋಮ್-ಲಾಂಗ್ ಎಂಬ ವಿಜ್ಞಾನಿಯು 1952 ರಲ್ಲಿ ಸೂಚಿಸಿದನು. ಆತನು ಹೇಳಿದ ಮೂರು ಹಂತಗಳಿಗೆ ನಾಲ್ಕನೆಯದನ್ನು 1958 ರಲ್ಲಿ ಬರ್ನಾಲ್ ಎಂಬವನು ಸೇರಿಸಿದನು.

ಮೊದಲನೆಯ ರಚನೆ: ಮಣಿಗಳ ಅನುಕ್ರಮ

ಯಾವ ಮಣಿಯ ಮುಂದೆ ಯಾವ ಮಣಿ ಇದೆ ಎಂಬ ಅನುಕ್ರಮವೇ ಮೊದಲನೆಯ ರಚನೆ. ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರನು ಇನ್ಸುಲಿನ್ ಎಂಬ ಸಸಾರಜನಕದ ಅನುಕ್ರಮವನ್ನು ಹಲವು ವರ್ಷಗಳ ಪರಿಶ್ರಮದಿಂದ ಬಿಡಿಸಿ 1955 ರ ಹೊತ್ತಿಗೆ ಪೂರ್ಣಗೊಳಿಸಿದನು. ಅದರಲ್ಲಿ 21 ಮಣಿಗಳ ಒಂದು ಸರ, 30 ಮಣಿಗಳ ಇನ್ನೊಂದು ಸರ, ಅಂತು 51 ಮಣಿಗಳಿವೆ. ಈ ಕಾರ್ಯಕ್ಕಾಗಿ 1958 ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಸಸಾರಜನಕದಲ್ಲಿ ಮಣಿಗಳು ಗೊತ್ತುಗುರಿಯಿಲ್ಲದೆ ಕೂಡಿರುವದಿಲ್ಲ, ಪ್ರತಿಯೊಂದಕ್ಕೂ ನಿಶ್ಚಿತ ಸ್ಥಾನವಿದೆ ಎಂಬದು ಇದರಿಂದ ಸಿದ್ಧವಾಯಿತು.

ಈ ಅನುಕ್ರಮವು ಬೀಜದಲ್ಲಿಯೇ ಬರೆದಿರುತ್ತದೆ. ತಂದೆತಾಯಿಗಳಿಂದ ಮಕ್ಕಳಿಗೆ, ಬೀಜದಿಂದ ಬೆಳೆಗೆ ಬರುತ್ತದೆ. ಒಂದು ಮಣಿ ತಪ್ಪಿದರೂ ಪರಿಣಾಮವು ದೊಡ್ಡದಾಗಬಹುದು. ಮನುಷ್ಯನ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ನಿನ ಒಂದು ಬಗೆಯ ಸರದಲ್ಲಿ 146 ಮಣಿಗಳಿರುತ್ತವೆ. ಅವುಗಳಲ್ಲಿ ಆರನೆಯದೊಂದು ಮಾತ್ರ ಬದಲಾದರೆ, ಮತ್ತು ಆ ದೋಷವು ತಂದೆತಾಯಿ ಇಬ್ಬರಿಂದಲೂ ಬಂದಿದ್ದರೆ, ರಕ್ತಕಣಗಳು ಕುಡಗೋಲಿನಂತೆ ಬಾಗುವ ಕಠಿಣ ರೋಗವು ಉಂಟಾಗುತ್ತದೆ.

ಊಟದ ದೃಷ್ಟಿಯಿಂದ ಮೊದಲನೆಯ ರಚನೆಯು ಅತ್ಯಂತ ಮಹತ್ವದ್ದು. ಇಪ್ಪತ್ತು ಮಣಿಗಳಲ್ಲಿ 9 ಮಣಿಗಳನ್ನು ಮನುಷ್ಯನ ಶರೀರವು ತಾನಾಗಿ ತಯಾರಿಸಲಾರದು. ಅವು ಆಹಾರದಿಂದಲೇ ಬರಬೇಕು. ಮೆಲುಕು ಹಾಕುವ ದೊಡ್ಡ ದನಗಳಿಗೆ ಈ ತೊಂದರೆ ಕಡಿಮೆ, ಯಾಕಂದರೆ ಅವುಗಳ ಮೊದಲ ಹೊಟ್ಟೆಯಲ್ಲಿಯ ಸೂಕ್ಷ್ಮಜೀವಿಗಳು ಆ ಮಣಿಗಳನ್ನು ಕಟ್ಟಿಕೊಡುತ್ತವೆ. ಮನುಷ್ಯನಿಗೆ ಆ ಅನುಕೂಲವಿಲ್ಲ. ಒಂಬತ್ತರಲ್ಲಿ ಲೈಸೀನ್ ಎಂಬದು ಜೋಳದಲ್ಲಿ ಬಹಳ ಕಡಿಮೆ. ಜೋಳದ ಸಸಾರಜನಕದ ನೂರು ಭಾಗದಲ್ಲಿ ಅದು ಸುಮಾರು 2 ಭಾಗ ಮಾತ್ರ. ಕಡಲೆಯ ಸಸಾರಜನಕದಲ್ಲಿ ಅದು 6 ರಿಂದ 7 ಭಾಗ. ಇದಕ್ಕೆ ಪ್ರತಿಯಾಗಿ ಗಂಧಕವುಳ್ಳ ಮಣಿಗಳು ಕಡಲೆಯಲ್ಲಿ ಕೊರತೆಯಾಗಿದ್ದು, ಆ ಕೊರತೆಯನ್ನು ಜೋಳವು ಕೆಲವು ಮಟ್ಟಿಗೆ ತುಂಬುತ್ತದೆ.

ಲೆಕ್ಕ ಹಾಕಿ ನೋಡಿದರೆ ಈ ಮಾತು ಸ್ಪಷ್ಟವಾಗುವದು. 300 ಗ್ರಾಂ ಜೋಳದಲ್ಲಿ ಸುಮಾರು 30 ಗ್ರಾಂ ಸಸಾರಜನಕವಿದ್ದು, ಅದರಲ್ಲಿ ಲೈಸೀನ್ ಅರ್ಧ ಗ್ರಾಮಿಗಿಂತ ತುಸು ಹೆಚ್ಚು, ಅಂದರೆ 0.6 ಗ್ರಾಂ. 100 ಗ್ರಾಂ ಕಡಲೆಯಲ್ಲಿ ಸಸಾರಜನಕವು 20 ಗ್ರಾಂ. ಲೈಸೀನ್ ಸುಮಾರು 1.3 ಗ್ರಾಂ. ಹೀಗೆ ಮೂರು ಪಾಲು ಜೋಳದಲ್ಲಿರುವದಕ್ಕಿಂತ ಎರಡು ಪಟ್ಟು ಲೈಸೀನ್ ಒಂದು ಪಾಲು ಕಡಲೆಯಲ್ಲಿದೆ. ರೊಟ್ಟಿಯ ಜೊತೆಗೆ ಜುಣಕವನ್ನೋ ಬೇಳೆಯನ್ನೋ ಕಾಳುಪಲ್ಯವನ್ನೋ ಇಡುವ ಈ ನಾಡಿನ ಪದ್ಧತಿಯು ರುಚಿಗಾಗಿ ಮಾತ್ರ ಬಂದದ್ದಲ್ಲವೆಂದು ಇದರಿಂದ ತಿಳಿಯುತ್ತದೆ. ಬೇಳೆಯ ಧಾರಣಿ ಏರಿದಾಗ ಬಡವರ ಮನೆಯಲ್ಲಿ ಮೊದಲು ತಪ್ಪುವದು ಬೇಳೆಯೇ. ಆಗ ಮಗುವಿನ ಹೊಟ್ಟೆಯು ರೊಟ್ಟಿಯಿಂದ ತುಂಬಿದರೂ ಮೈ ಬೆಳೆಯಲು ಬೇಕಾದ ಮಣಿಯು ದೊರೆಯದೆ ಹೋಗುತ್ತದೆ.

ಎರಡನೆಯ ರಚನೆ: ಸುರುಳಿ ಮತ್ತು ಪದರು

ಸರವು ನೆಟ್ಟಗೆ ಹರವಿಕೊಂಡಿರುವದಿಲ್ಲ. ಅದರ ಬೆನ್ನೆಲುಬಿನಲ್ಲಿಯ ಜಲಜನಕ, ಆಮ್ಲಜನಕಗಳ ನಡುವಿನ ಸೌಮ್ಯವಾದ ಸೆಳೆತದಿಂದ ಕೆಲವು ಭಾಗಗಳು ಸುರುಳಿಯಾಗುತ್ತವೆ, ಕೆಲವು ಭಾಗಗಳು ಒಂದರ ಮಗ್ಗಲಿಗೆ ಒಂದು ಹೊಂದಿಕೊಂಡು ಮಡಿಕೆಯ ಪದರಾಗುತ್ತವೆ. ಇದು ಎರಡನೆಯ ರಚನೆ. ಅಮೇರಿಕೆಯ ಲೈನಸ್ ಪಾಲಿಂಗನು ತನ್ನ ಸಹಕಾರಿಗಳೊಡನೆ 1951 ರಲ್ಲಿ ಇವೆರಡನ್ನೂ ವಿವರಿಸಿದನು. ಸುರುಳಿಯ ಒಂದು ಸುತ್ತಿಗೆ 3.6 ಮಣಿಗಳು ಬೀಳುತ್ತವೆ.

ಇವುಗಳ ಗುಣವನ್ನು ಕಂಬಳಿ ಮತ್ತು ರೇಷ್ಮೆಗಳಲ್ಲಿ ಪ್ರತ್ಯಕ್ಷ ನೋಡಬಹುದು. ಕುರಿಯ ಉಣ್ಣೆಯಲ್ಲಿ ಸರಗಳು ಸುರುಳಿಯಾಗಿರುವದರಿಂದ ಹಸಿಯಾದ ಎಳೆಯನ್ನು ಜಗ್ಗಿದರೆ ಸುರುಳಿ ಬಿಚ್ಚಿ ಎಳೆಯು ಉದ್ದವಾಗುತ್ತದೆ. ಬಿಟ್ಟರೆ ಮರಳಿ ಕುಗ್ಗುತ್ತದೆ. ರೇಷ್ಮೆಯಲ್ಲಿ ಸರಗಳು ಮೊದಲೇ ಚಾಚಿಕೊಂಡು ಪದರುಪದರಾಗಿ ಕೂತಿರುವದರಿಂದ ಎಳೆಯು ಉಣ್ಣೆಯಷ್ಟು ಹಿಗ್ಗುವದಿಲ್ಲ, ಆದರೆ ಬಹಳ ಗಟ್ಟಿ.

ಮೂರನೆಯದೊಂದು ಬಗೆಯು ಚರ್ಮ, ನರ, ಎಲುಬುಗಳಲ್ಲಿಯ ಕೊಲ್ಯಾಜನ್ನಿನದು. ಇದನ್ನು ಬಿಡಿಸಿದ ಕೀರ್ತಿ ಭಾರತೀಯರಿಗೆ ಸಲ್ಲುತ್ತದೆ. ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಇವರು 1954-55 ರಲ್ಲಿ ಅದು ಮೂರು ಎಳೆಗಳನ್ನು ಹೊಸೆದ ಹಗ್ಗದಂತಿದೆ ಎಂದು ತೋರಿಸಿದರು. ಹಗ್ಗ ಹೊಸೆದವರಿಗೆ ಇದರ ಬಲದ ಕಾರಣವನ್ನು ಹೇಳಬೇಕಾಗಿಲ್ಲ. ಸರವು ಯಾವ ಕೋನಗಳಲ್ಲಿ ಬಾಗಬಹುದು, ಯಾವವುಗಳಲ್ಲಿ ಬಾಗಲಾರದು ಎಂಬದನ್ನು ತೋರಿಸುವ ನಕ್ಷೆಯನ್ನು ರಾಮಚಂದ್ರನ್ನರು ತಮ್ಮ ಸಹಕಾರಿಗಳೊಡನೆ 1963 ರಲ್ಲಿ ಪ್ರಕಟಿಸಿದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಶಾಸ್ತ್ರದ ವಿಭಾಗವೊಂದನ್ನು ಕಟ್ಟಿದರು. ಜಗತ್ತಿನ ಎಲ್ಲ ಪ್ರಯೋಗಶಾಲೆಗಳಲ್ಲಿಯೂ ಆ ನಕ್ಷೆಯು ಅವರ ಹೆಸರಿನಿಂದಲೇ ಬಳಕೆಯಲ್ಲಿದೆ. ಚರ್ಮವನ್ನು ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ಈ ಮೂರೆಳೆಯ ಹೊಸತವು ಬಿಚ್ಚಿ ಅಂಟಾಗುತ್ತದೆ. ಬಡಿಗರು ಬಳಸುತ್ತ ಬಂದ ಸರೇಸು ಇದೇ.

ಮೂರನೆಯ ರಚನೆ: ಮಡಿಚಿದ ಆಕಾರ

ಸುರುಳಿ ಮತ್ತು ಪದರುಗಳುಳ್ಳ ಸರವು ಪುನಃ ತನ್ನಲ್ಲಿಯೇ ಮಡಿಚಿಕೊಂಡು ಒಂದು ನಿಶ್ಚಿತ ಆಕಾರವನ್ನು ತಾಳುವದು ಮೂರನೆಯ ರಚನೆ. ನೀರನ್ನು ಒಲ್ಲದ ಮಣಿಗಳು ಒಳಕ್ಕೆ ಸರಿಯುತ್ತವೆ, ನೀರನ್ನು ಬಯಸುವವು ಹೊರಗುಳಿಯುತ್ತವೆ. ಕೆಲವೆಡೆಗಳಲ್ಲಿ ಗಂಧಕವುಳ್ಳ ಎರಡು ಮಣಿಗಳು ಒಂದಕ್ಕೊಂದು ಬಿಗಿದುಕೊಂಡು ಗುಂಡಿಯ ಹಾಗೆ ಆ ಆಕಾರವನ್ನು ಹಿಡಿದಿಡುತ್ತವೆ. ಕೋಡು, ಕೂದಲುಗಳಲ್ಲಿ ಇಂಥ ಗಂಧಕದ ಬಂಧಗಳು ಬಹಳ. ಕೂದಲು ಸುಟ್ಟಾಗ ಬರುವ ನಾತದಲ್ಲಿ ಗಂಧಕದ ಪಾಲೂ ಇರುವದು. ಜಠರದ ರಸಗಳು ಈ ಬಂಧಗಳನ್ನು ಬಿಡಿಸಲಾರವಾದ್ದರಿಂದಲೇ ಕೋಡು ಅರಗುವದಿಲ್ಲ. ಕಂಬಳಿಯನ್ನು ತಿನ್ನುವ ನುಸಿಯ ಹುಳಕ್ಕಾದರೋ ಅವುಗಳನ್ನು ಬಿಡಿಸುವ ಶಕ್ತಿಯಿರುತ್ತದೆ.

ಆಕಾರವು ಸರಿಯಾಗಿದ್ದರೇನೇ ಸಸಾರಜನಕವು ತನ್ನ ಕೆಲಸವನ್ನು ಮಾಡೀತು. ಆಹಾರವನ್ನು ಅರಗಿಸುವ ಕಿಣ್ವಗಳು ಸಸಾರಜನಕಗಳೇ. ಕೀಲಿಗೆ ಕೀಲಿಕೈ ಹೊಂದುವಂತೆ ಅವು ತಮ್ಮ ವಸ್ತುವಿಗೆ ಹೊಂದುತ್ತವೆ. ಅಮೇರಿಕೆಯ ಆನ್ಫಿನ್ಸೆನ್ ಎಂಬವನು 124 ಮಣಿಗಳ ಒಂದು ಕಿಣ್ವವನ್ನು ಯೂರಿಯಾದ ದಟ್ಟ ದ್ರಾವಣದಲ್ಲಿ ಇಟ್ಟು, ಗಂಧಕದ ಬಂಧಗಳನ್ನೂ ಬಿಡಿಸಿ, ಅದರ ಆಕಾರವನ್ನು ಪೂರ್ಣವಾಗಿ ಬಿಚ್ಚಿದನು. ಆ ದ್ರವ್ಯಗಳನ್ನು ತೆಗೆದ ಮೇಲೆ ಸರವು ಯಾರ ನೆರವೂ ಇಲ್ಲದೆ ಮೊದಲಿನ ಆಕಾರಕ್ಕೆ ಮಡಿಚಿಕೊಂಡು ಮತ್ತೆ ಕೆಲಸಕ್ಕೆ ತೊಡಗಿತು. ಮೊದಲನೆಯ ರಚನೆಯಲ್ಲಿಯೇ ಮೂರನೆಯದರ ಅಪ್ಪಣೆಯು ಅಡಗಿದೆ ಎಂಬದು ಇದರಿಂದ ಸಿದ್ಧವಾಯಿತು. ಈ ಸಂಶೋಧನೆಗೆ 1972 ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಆದರೆ ಕುದಿಸಿದ ತತ್ತಿಯು ತಣಿದ ಮೇಲೆ ಮರಳಿ ಹಸಿಯಾಗುವದಿಲ್ಲ; ಯಾಕಂದರೆ ಬಿಚ್ಚಿದ ಸರಗಳು ಒಂದರೊಳಗೊಂದು ಸಿಕ್ಕುಬಿದ್ದು ಗಟ್ಟಿಯಾಗಿರುತ್ತವೆ. ಬೆಂಕಿಯು ಇಲ್ಲಿ ಆಕಾರವನ್ನು ಕೆಡಿಸುತ್ತದೆ. ಮಣಿಗಳ ಅನುಕ್ರಮವು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಬೇಯಿಸಿದ ಮಾತ್ರಕ್ಕೆ ಆಹಾರದ ಸತ್ವವು ಹೋಗುವದೆಂಬ ತಿಳಿವಳಿಕೆಯು ತಪ್ಪು.

ಹಸಿ ಸೋಯಾಅವರೆಯ ಕೇಡು ಈ ಮೂರನೆಯ ರಚನೆಗೆ ಸಂಬಂಧಿಸಿದ್ದು. ಅದರಲ್ಲಿ 181 ಮಣಿಗಳ ಒಂದು ಸಸಾರಜನಕವಿದ್ದು, ಅದನ್ನು ಕುನಿಟ್ಜ್ ಎಂಬ ವಿಜ್ಞಾನಿಯು 1945 ರಲ್ಲಿ ಹರಳಾಗಿ ಬೇರ್ಪಡಿಸಿದನು. ಅದು ಕರುಳಿನಲ್ಲಿಯ ಟ್ರಿಪ್ಸಿನ್ ಎಂಬ ಕಿಣ್ವದ ಬಾಯಿಗೆ ಸರಿಯಾಗಿ ಹೊಂದಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಮುರಿದ ಕೀಲಿಕೈ ಕೀಲಿಯಲ್ಲಿ ಉಳಿದರೆ ಹೇಗೋ ಹಾಗೆ. ಆಗ ಉಳಿದ ಆಹಾರವೂ ಅರಗದೆ ಹೋಗುವದು. ನೀರಿನ ಹಬೆಯಲ್ಲಿ ಕಾಯಿಸಿದರೆ ಅದರ ಆಕಾರವು ಕೆಟ್ಟು ಈ ಶಕ್ತಿಯು ಹೋಗುತ್ತದೆ. ಬೇಯಿಸಿದ ಸೋಯಾದಿಂದ ಪ್ರಾಣಿಗಳು ಚೆನ್ನಾಗಿ ಬೆಳೆಯುವದನ್ನು ಆಸ್‌ಬಾರ್ನ್ ಮತ್ತು ಮೆಂಡೆಲ್ ಎಂಬವರು 1917 ರಲ್ಲಿಯೇ ಇಲಿಗಳ ಮೇಲೆ ನೋಡಿದ್ದರು. ಹಸಿ ಕಡಲೆಯಲ್ಲಿಯೂ ಇಂಥ ದ್ರವ್ಯಗಳುಂಟು, ಆದರೆ ಪ್ರಮಾಣವು ಸೋಯಾಕ್ಕಿಂತ ಕಡಿಮೆ.

ಜೋಳದ ಸಂಗತಿಯು ಇದಕ್ಕೆ ವಿಪರೀತವಾದದ್ದು. ಜೋಳದ ಮುಖ್ಯ ಸಸಾರಜನಕವಾದ ಕೆಫಿರಿನ್ ಎಂಬದು ಚಿಕ್ಕ ಚಿಕ್ಕ ಗುಳಿಗೆಗಳಲ್ಲಿ ತುಂಬಿರುತ್ತದೆ. ನೀರಿನಲ್ಲಿ ಬೇಯಿಸಿದಾಗ ಗುಳಿಗೆಯ ಹೊರಪದರಿನಲ್ಲಿ ಗಂಧಕದ ಹೊಸ ಬಂಧಗಳು ಹುಟ್ಟಿ ಒಳಗಿನದು ಜಠರರಸಕ್ಕೆ ಸುಲಭವಾಗಿ ಸಿಗದಂತಾಗುತ್ತದೆ. ಹಿಟ್ಟನ್ನು ಹುಳಿ ಬರಿಸಿ ಅಂಬಲಿ ಮಾಡುವದರಿಂದ ಈ ದೋಷವು ಕೆಲಮಟ್ಟಿಗೆ ಕಡಿಮೆಯಾಗುತ್ತದೆ. ಜೋಳಕ್ಕೆ ಕಾಳಿನ ಜೊತೆ ಬೇಕೆನ್ನುವದಕ್ಕೆ ಇದು ಎರಡನೆಯ ಕಾರಣ.

ನಾಲ್ಕನೆಯ ರಚನೆ: ಸರಗಳ ಕೂಟ

ಮಡಿಚಿದ ಎರಡು ಅಥವಾ ಹೆಚ್ಚು ಸರಗಳು ಕೂಡಿ ಒಂದಾಗಿ ಕೆಲಸ ಮಾಡುವದು ನಾಲ್ಕನೆಯ ರಚನೆ. ಭಾರವಾದ ನೇಗಿಲಿಗೆ ಒಂದು ಎತ್ತು ಸಾಲದೆ ಜೋಡಿ ಹೂಡುವಂತೆ ಇದನ್ನು ತಿಳಿಯಬಹುದು. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ನಾಲ್ಕು ಸರಗಳು ಕೂಡಿರುತ್ತವೆ. ಒಂದು ಸರವು ಪ್ರಾಣವಾಯುವನ್ನು ಹಿಡಿದೊಡನೆ ಉಳಿದವುಗಳಿಗೂ ಹಿಡಿಯುವದು ಸುಲಭವಾಗುತ್ತದೆ. ಒಂಟಿ ಸರಕ್ಕೆ ಈ ಗುಣವಿರುವದಿಲ್ಲ.

ಕಡಲೆಯ ಬೇರಿನಲ್ಲಿ ಈ ರಚನೆಗಳು ಒಕ್ಕಲಿಗನಿಗಾಗಿಯೇ ದುಡಿಯುತ್ತವೆ. ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಈ ಕಿಣ್ವದಲ್ಲಿ ಎರಡು ಭಾಗಗಳಿದ್ದು, ಒಂದರಲ್ಲಿ ನಾಲ್ಕು ಸರಗಳೂ ಇನ್ನೊಂದರಲ್ಲಿ ಎರಡು ಸರಗಳೂ ಇರುತ್ತವೆ. ಅವುಗಳೊಳಗೆ ಕಬ್ಬಿಣವೂ ಮಾಲಿಬ್ಡಿನಮ್ ಎಂಬ ಲೋಹವೂ ಇವೆ. ಆಮ್ಲಜನಕವು ತಗಲಿದರೆ ಈ ಕಿಣ್ವವು ಕೆಡುತ್ತದೆ, ಆದರೆ ಸೂಕ್ಷ್ಮಜೀವಿಗಳು ಬದುಕಲು ಆಮ್ಲಜನಕವೇ ಬೇಕು. ಈ ತೊಡಕನ್ನು ಪರಿಹರಿಸುವದು ಗಿಡವು ತಯಾರಿಸುವ ಲೆಗ್‌ಹಿಮೋಗ್ಲೋಬಿನ್; ರಕ್ತದ ಕೆಂಪುದ್ರವ್ಯದ ದಾಯಾದಿಯಾದ ಇದು ಒಂಟಿ ಸರದ್ದು. ಆಮ್ಲಜನಕವನ್ನು ಬಿಗಿಯಾಗಿ ಹಿಡಿದು ಸ್ವಲ್ಪ ಸ್ವಲ್ಪವಾಗಿ ಕೊಡುತ್ತದೆ. ಒಳ್ಳೇ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ತೋರುವ ನಸುಗೆಂಪು ಇದರದೇ.

ಗೋದಿಯ ಹಿಟ್ಟನ್ನು ನಾದಿದಾಗ ಬರುವ ಜಿಗುಟೂ ಸರಗಳ ಕೂಟವೇ. ಗ್ಲುಟೆನಿನ್ ಎಂಬ ಸರಗಳು ಗಂಧಕದ ಬಂಧಗಳಿಂದ ಒಂದಕ್ಕೊಂದು ಕೂಡಿ ಬಲೆಯಂತಾಗುತ್ತವೆ. ಶಾವಿಗೆಯ ಎಳೆಯು ಹರಿಯದೆ ಬರುವದು ಇದರಿಂದ. ಜೋಳದ ಹಿಟ್ಟಿನಲ್ಲಿ ಇಂಥ ಬಲೆ ಇಲ್ಲವಾದ್ದರಿಂದ ಅದನ್ನು ಬಿಸಿನೀರಿನಲ್ಲಿ ನಾದಿ ಬಡಿದೇ ರೊಟ್ಟಿ ಮಾಡಬೇಕಾಗುತ್ತದೆ.

ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವ ಯೂರಿಯೇಸ್ ಎಂಬ ಕಿಣ್ವವು ಇನ್ನೊಂದು ಉದಾಹರಣೆ. ಅಮೇರಿಕೆಯ ಸಮ್ನರನು 1926 ರಲ್ಲಿ ಅದನ್ನು ಜ್ಯಾಕ್ ಬೀನ್ ಎಂಬ ಅವರೆಯ ಜಾತಿಯ ಕಾಳಿನಿಂದ ಹರಳಾಗಿ ತೆಗೆದು, ಕಿಣ್ವಗಳು ಸಸಾರಜನಕಗಳೇ ಎಂದು ತೋರಿಸಿದನು. ಅದರಲ್ಲಿ ಆರು ಸರಗಳು ಕೂಡಿರುತ್ತವೆ. ಈ ಕಿಣ್ವವು ಹಸಿ ಸೋಯಾಅವರೆಯಲ್ಲಿಯೂ ಹೊಲದ ಮಣ್ಣಿನಲ್ಲಿಯೂ ಧಾರಾಳವಾಗಿರುವದರಿಂದ ಒಕ್ಕಲಿಗನಿಗೆ ಅದರ ಪರಿಚಯವು ಅವಶ್ಯ.

ಊರಿನಲ್ಲಿ ಅನುಸರಿಸತಕ್ಕ ಕ್ರಮಗಳು

1. ಜೋಳದ ಊಟದಲ್ಲಿ ಕಾಳು ತಪ್ಪದಂತೆ ನೋಡಿಕೊಳ್ಳತಕ್ಕದ್ದು. ಮೂರು ಪಾಲು ಜೋಳಕ್ಕೆ ಒಂದು ಪಾಲು ಕಡಲೆ ಅಥವಾ ಬೇರೆ ಬೇಳೆಯಿದ್ದರೆ ಒಳ್ಳೆಯದು. ಮನೆಯವರಲ್ಲಿ ಮಕ್ಕಳಿಗೂ ಗರ್ಭಿಣಿಯರಿಗೂ ಇದು ಮೊದಲು ಸಲ್ಲಬೇಕು. ಪೇಟೆಗೆ ಎಲ್ಲ ಕಡಲೆಯನ್ನು ಸಾಗಿಸದೆ ವರ್ಷದ ಊಟಕ್ಕೆ ಸಾಲುವಷ್ಟನ್ನು ಮನೆಯಲ್ಲಿ ಇಟ್ಟುಕೊಳ್ಳುವದು ಹಿತಕರ.

2. ಸೋಯಾಅವರೆಯನ್ನು ಕೋಳಿ, ಕರುಗಳಿಗೆ ಹಸಿಯಾಗಿ ಹಾಕಬಾರದು; ನೆನೆಯಿಟ್ಟು ಚೆನ್ನಾಗಿ ಬೇಯಿಸಿ ಹಾಕತಕ್ಕದ್ದು.

3. ಹಸಿ ಸೋಯಾ ಅಥವಾ ಅರೆಬೆಂದ ಸೋಯಾಹಿಂಡಿಯನ್ನು ಯೂರಿಯಾ ಬೆರೆಸಿದ ಮೇವಿನೊಡನೆ ಎಂದಿಗೂ ಕೂಡಿಸಬಾರದು. ಸೋಯಾದ ಕಿಣ್ವವು ಯೂರಿಯಾವನ್ನು ಬೇಗ ಒಡೆದು ಅಮೋನಿಯಾ ಮಾಡುವದು. ಅದು ಹೆಚ್ಚಾಗಿ ರಕ್ತಕ್ಕೆ ಸೇರಿದರೆ ದನವು ಕೆಲವೇ ತಾಸುಗಳಲ್ಲಿ ಸಾಯಬಹುದು. ಹಿಂಡಿಯನ್ನು ಪರೀಕ್ಷಿಸಲು ಅದರ ಒಂದು ಹಿಡಿ ಪುಡಿಗೆ ಸ್ವಲ್ಪ ಯೂರಿಯಾ ಮತ್ತು ನೀರು ಸೇರಿಸಿ, ಸೀಸೆಯಲ್ಲಿ ಬಾಯಿ ಮುಚ್ಚಿ ಅರ್ಧ ತಾಸು ಇಟ್ಟು ತೆರೆಯಬೇಕು. ಮೂಗಿಗೆ ಖಾರವಾದ ಅಮೋನಿಯಾದ ಘಾಟು ಬಂದರೆ ಹಿಂಡಿಯು ಸರಿಯಾಗಿ ಕಾದಿಲ್ಲವೆಂದು ತಿಳಿಯತಕ್ಕದ್ದು. ಪರೀಕ್ಷೆಗೆ ತೆಗೆದದ್ದನ್ನು ದನಗಳಿಗೆ ಸಿಗದಂತೆ ಹೂಳಬೇಕು.

4. ಯೂರಿಯಾ ಗೊಬ್ಬರವನ್ನು ಎರೆಭೂಮಿಯ ಮೇಲೆ ಚೆಲ್ಲಿ ಬಿಡಬಾರದು. ಮಣ್ಣಿನ ಕಿಣ್ವವು ಅದನ್ನು ಒಡೆದಾಗ, ಸುಣ್ಣದ ಅಂಶವುಳ್ಳ ಈ ನೆಲದಲ್ಲಿ ಅಮೋನಿಯಾವು ಗಾಳಿಗೆ ಹಾರಿಹೋಗುತ್ತದೆ. ಹಸಿಯಿದ್ದಾಗ ಕೂರಿಗೆಯಿಂದ ಮಣ್ಣಿನೊಳಗೆ ಬೀಳಿಸಿ ಮುಚ್ಚಿದರೆ ಕೊಟ್ಟ ಹಣವು ಬೆಳೆಗೆ ಸೇರುವದು.

5. ಬಿತ್ತಿದ ನಲವತ್ತು ದಿವಸಗಳ ಸುಮಾರಿಗೆ ಹೊಲದ ನಾಲ್ಕು ಕಡೆಗಳಿಂದ ಕೆಲವು ಕಡಲೆಯ ಗಿಡಗಳನ್ನು ಬೇರುಸಹಿತ ಅಗೆದು, ಗಂಟುಗಳನ್ನು ಸೀಳಿ ನೋಡತಕ್ಕದ್ದು. ಒಳಗೆ ನಸುಗೆಂಪಾಗಿದ್ದರೆ ಗಿಡವು ಗಾಳಿಯಿಂದ ತನ್ನ ಗೊಬ್ಬರವನ್ನು ತಾನೇ ಪಡೆಯುತ್ತಿದೆ. ಬಿಳಿ ಅಥವಾ ಹಸುರಾಗಿದ್ದರೆ, ಇಲ್ಲವೆ ಗಂಟುಗಳೇ ಇಲ್ಲದಿದ್ದರೆ, ಬರುವ ವರ್ಷ ಬೀಜಕ್ಕೆ ರೈಜೋಬಿಯಮ್ ಎಂಬ ಜೀವಾಣುಗೊಬ್ಬರವನ್ನು ಲೇಪಿಸಿ ಬಿತ್ತಬೇಕು. ಬಿಸಿಲಿನಿಂದ ಆ ಜೀವಿಗಳು ಸಾಯುವದರಿಂದ ಪೊಟ್ಟಣವನ್ನೂ ಲೇಪಿಸಿದ ಬೀಜವನ್ನೂ ನೆರಳಿನಲ್ಲಿಡತಕ್ಕದ್ದು. ಹೊಲದಲ್ಲಿ ನೀರು ನಿಂತರೂ ಗಂಟುಗಳು ಉಸಿರುಕಟ್ಟಿ ಕೆಡುತ್ತವೆ, ಬಸಿಗಾಲುವೆ ಇರಬೇಕು.

ಅಣ್ಣಿಗೇರಿಯ ಹೆಸರನ್ನು ಹೊತ್ತ ಕಡಲೆಯ ತಳಿಯೊಂದು ನಾಡಿನ ಎರೆಭೂಮಿಗಳಲ್ಲೆಲ್ಲ ಹೆಸರುವಾಸಿಯಾಗಿರುವದನ್ನು ವಾಚಕರು ಬಲ್ಲರು. ಲಾಭದ ಆಸೆಯಿಂದ ಹೊಲವನ್ನೆಲ್ಲ ಒಂದೇ ಬೆಳೆಗೆ ಕೊಡುವ ಮುಂಚೆ, ಕಡಲೆಯ ಸಾಲು ತಪ್ಪಿದರೆ ನೆಲಕ್ಕೆ ಬೇರಿನ ಗಂಟೂ, ರೊಟ್ಟಿಗೆ ಲೈಸೀನ್ ಎಂಬ ಮಣಿಯೂ ಒಟ್ಟಿಗೇ ತಪ್ಪುವವೆಂಬದನ್ನು ಭೂಮಾಲಿಕರು ಲೆಕ್ಕಕ್ಕೆ ಹಿಡಿಯಬೇಕು. ಊರಿನ ಹಿರಿಯರು ಮುಂದಿನ ಹಿಂಗಾರಿಯ ಬಿತ್ತಿಗೆಯ ಮುಂಚೆ ಈ ಐದು ಕ್ರಮಗಳನ್ನು ಚಾವಡಿಯಲ್ಲಿ ಓದಿಸಿ ಎಲ್ಲರಿಗೂ ತಿಳಿಯಪಡಿಸುವದು ಉಚಿತ.